ಓಡುವ ಹಣ, ಹಿಂದೆ ಬೀಳುವ ಅನುಮಾನ

ಆನ್‌ಲೈನ್ ಬ್ಯಾಂಕಿಂಗ್ ಸುರಕ್ಷಿತವೇ ಎಂಬ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಸೇರಿಕೊಂಡಿವೆ. ನಮಗೆ ಗೊತ್ತಿಲ್ಲದಂತೆ ಯಾರಾದರೂ ನಮ್ಮ ಖಾತೆಗೆ ಕನ್ನ ಹಾಕಬಲ್ಲರೇ ಎನ್ನುವುದು ಒಂದು. ನಮ್ಮ ಕೈಯಿಂದಲೇ ಹಣ ಕಳಿಸುವ ಹಾಗೆ ಯಾರಾದರೂ ಮಾಡಬಲ್ಲರೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಿಗುವ ಉತ್ತರ ಸಾಕಷ್ಟು ಸಮಾಧಾನ ತರುವಂಥದ್ದು. ಎರಡನೆಯದಕ್ಕೆ ಆ ಮಾತು ಹೇಳಲಾಗದು. ಬ್ಯಾಂಕುಗಳ ಜಾಹೀರಾತುಗಳು ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಮರೆಸುತ್ತವೆ. ವಂಚನೆಯ ಸುದ್ದಿ ಓದಿದವರು ಎರಡನೆಯದನ್ನು ಕಂಡು ಮೊದಲನೆಯದಕ್ಕೆ ಹೆದರುತ್ತಾರೆ. ಎರಡನ್ನೂ ಬಿಡಿಸಿ ನೋಡಿದರೆ ಅಪಾಯ ಇರುವುದು ಹಣದ ವೇಗದಲ್ಲಿ ಎಂದು ತಿಳಿಯುತ್ತದೆ. ಹಣ ಕ್ಷಣದಲ್ಲಿ ಊರು ದಾಟುತ್ತದೆ, ಇದೇನೋ ಸರಿಯಿಲ್ಲ ಎಂಬ ಅನುಮಾನ ಮನಸ್ಸಿಗೆ ಬರಲು ಗಂಟೆಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತವೆ. ಖಾತೆಯನ್ನು ಕಾಪಾಡುವುದೆಂದರೆ ಈ ಅಂತರವನ್ನು ಕಿರಿದು ಮಾಡುವುದು. ಅದರಲ್ಲಿ ನಮ್ಮ ಪಾಲಿನ ಕೆಲಸ ಸ್ವಲ್ಪ. ಬ್ಯಾಂಕು ಮತ್ತು ಸರ್ಕಾರದ್ದು ಅದಕ್ಕಿಂತ ಹೆಚ್ಚು.

ಮೊದಲು ಬೀಗದ ಮಾತು. ಕಾರ್ಡನ್ನು ಎದುರಿಗಿಟ್ಟು ಉಜ್ಜದೆ ಮಾಡುವ ಆನ್‌ಲೈನ್ ಖರೀದಿಗೆ ಎರಡನೆಯ ದೃಢೀಕರಣ ಬೇಕೇಬೇಕು ಎಂದು ಭಾರತೀಯ ರಿಸರ್ವ್ ಬ್ಯಾಂಕು 2009ರ ಆಗಸ್ಟ್‌ನಿಂದಲೇ ಕಡ್ಡಾಯ ಮಾಡಿತು. ವಿದೇಶದ ಎಷ್ಟೋ ಜಾಲತಾಣಗಳು ಕಾರ್ಡಿನ ಸಂಖ್ಯೆಯನ್ನಷ್ಟೇ ನೋಡಿ ಹಣ ಕತ್ತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮವರು ಒಟಿಪಿಗೆ ಕಾಯುವುದನ್ನು ರೂಢಿ ಮಾಡಿಕೊಂಡಿದ್ದರು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಆನ್‌ಲೈನ್ ಮತ್ತು ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿಯೇ ಇರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. 2022ರ ಅಕ್ಟೋಬರ್‌ನಿಂದ ವ್ಯಾಪಾರಿ ತಾಣಗಳು ನಮ್ಮ ಕಾರ್ಡಿನ ನಿಜ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಟೋಕನ್ ಇಟ್ಟುಕೊಳ್ಳಬೇಕು. ಬ್ಯಾಂಕುಗಳ ಹೆಸರಿನಲ್ಲಿ ನಕಲಿ ತಾಣಗಳು ಹುಟ್ಟುವುದನ್ನು ತಡೆಯಲು 2025ರ ಅಕ್ಟೋಬರ್ ಕೊನೆಯೊಳಗೆ ಎಲ್ಲ ಬ್ಯಾಂಕುಗಳ ಜಾಲತಾಣದ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕು ಎಂಬ ಆದೇಶವೂ ಬಂತು. ಆ ವಿಳಾಸ ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗದು. ಒಟ್ಟಿನಲ್ಲಿ ಬಾಗಿಲು ಗಟ್ಟಿಯಾಗಿದೆ.

ಬ್ಯಾಂಕಿನ ಕಂಪ್ಯೂಟರಿಗೇ ಕನ್ನ ಬಿದ್ದರೆ? ಬಿದ್ದಿದೆ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಫಿಲಿಪ್ಪೀನ್ಸಿನ ಖಾತೆಗಳಿಗೆ ಹರಿದು ಹೋಯಿತು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕು ಸುಮಾರು 94 ಕೋಟಿ ರೂಪಾಯಿ ಕಳೆದುಕೊಂಡಿತು. ನಕಲಿ ಕಾರ್ಡು ಹಿಡಿದವರು 28 ದೇಶಗಳ ಎಟಿಎಂಗಳಿಂದ ಕೆಲವೇ ಗಂಟೆಗಳಲ್ಲಿ ಹಣ ತೆಗೆದರು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ದಾಳಿಯಾದಾಗ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ನಿಂತಿತು. ಇವೆಲ್ಲ ಸಣ್ಣ ಸಂಗತಿಗಳಲ್ಲ. ಆದರೂ ಒಂದು ವ್ಯತ್ಯಾಸ ಗಮನಿಸಬೇಕು. ಇಂಥ ಕಳವಿನಲ್ಲಿ ನಷ್ಟ ಬ್ಯಾಂಕಿನದು, ಠೇವಣಿದಾರನ ಪಾಸ್‌ಬುಕ್ಕಿನ ಅಂಕಿ ಕಡಿಮೆಯಾಗುವುದಿಲ್ಲ. ಬ್ಯಾಂಕೇ ಮುಳುಗಿಹೋದರೆ ಠೇವಣಿ ವಿಮೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಈ ವಿಮೆ ವಂಚನೆಗೂ ಅನ್ವಯಿಸುತ್ತದೆ ಎಂದು ನಂಬಿರುವವರು ಹಲವರಿದ್ದಾರೆ. ಅದು ತಪ್ಪು ತಿಳಿವಳಿಕೆ.

ಇದಕ್ಕಿಂತ ಶಾಖೆಗೆ ಹೋಗಿ ಸಾಲಿನಲ್ಲಿ ನಿಲ್ಲುವುದೇ ಲೇಸು ಎನ್ನುವವರ ಮಾತನ್ನೂ ತೂಗಿ ನೋಡೋಣ. ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಲ್ಲಿ ಬ್ಯಾಂಕು ಶಾಖೆಯೊಂದರಿಂದ ಸುಮಾರು 59 ಕೆ.ಜಿ. ಚಿನ್ನ ಕಳುವಾಯಿತು. ಅದಕ್ಕೆ ಇಂಟರ್ನೆಟ್ ಬೇಕಾಗಲಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ: ಆನ್‌ಲೈನ್ ಬ್ಯಾಂಕಿಂಗನ್ನು ಮುಟ್ಟದವರೂ ಅದರ ಹೊರಗೆ ಉಳಿದಿಲ್ಲ. 2023ರಲ್ಲಿ ಮಂಗಳೂರೂ ಸೇರಿ ರಾಜ್ಯದ ಹಲವೆಡೆ ಜಾಗದ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾಗತೊಡಗಿತು. ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಒಟಿಪಿ ಹೇಳಿರಲಿಲ್ಲ. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ವಂಚಕರು ಎತ್ತಿಕೊಂಡು, ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಬಳಸುವ ಆಧಾರ್ ಆಧರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಸೆಳೆದಿದ್ದರು. ಆ ವ್ಯವಸ್ಥೆಯಲ್ಲಿ ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ಸ್ಮಾರ್ಟ್‌ಫೋನೇ ಇಲ್ಲದ ಅಜ್ಜಿಯ ಖಾತೆಗೂ ಈ ಬಾಗಿಲಿದೆ. ಆದ್ದರಿಂದ ದೂರ ಉಳಿಯುತ್ತೇನೆ ಎನ್ನುವುದು ರಕ್ಷಣೆಯಾಗದು. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟು, ಬೇಕಾದಾಗ ಮಾತ್ರ ತೆರೆಯುವುದು ರಕ್ಷಣೆ. ಇಷ್ಟು ಸುಲಭದ, ಖರ್ಚಿಲ್ಲದ ಕೆಲಸವನ್ನು ಉಪನೋಂದಣಿ ಕಚೇರಿಗಳು ಬಂದವರಿಗೆಲ್ಲ ಹೇಳಿ ಕಳಿಸಬೇಕಿತ್ತು.

ಇನ್ನು ಎರಡನೆಯ ಪ್ರಶ್ನೆ. 2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಇದು ದೂರು ಕೊಟ್ಟವರ ಲೆಕ್ಕ. ಸಮಾಧಾನ ಬೇಕೆನ್ನುವವರು ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಬಹುದು: 2024–25ರಲ್ಲಿ ಯುಪಿಐ ಒಂದರಲ್ಲೇ ಸುಮಾರು 261 ಲಕ್ಷ ಕೋಟಿ ರೂಪಾಯಿ ಓಡಾಡಿದೆ. ನೂರು ರೂಪಾಯಿಗೆ ಒಂಬತ್ತು ಪೈಸೆಯೂ ಆಗದು. ಆದರೆ ಈ ಸರಾಸರಿ ಮೋಸದ ಸರಾಸರಿ. ಎಲ್ಲರೂ ಒಂಬತ್ತು ಪೈಸೆ ಕಳೆದುಕೊಂಡಿಲ್ಲ; ಲಕ್ಷಾಂತರ ಜನರಲ್ಲಿ ಒಬ್ಬೊಬ್ಬರು ನಿವೃತ್ತಿಯ ಹಣ, ಮಗಳ ಮದುವೆಯ ಹಣ, ಸೈಟು ಮಾರಿದ ಹಣ ಕಳೆದುಕೊಂಡಿದ್ದಾರೆ. ಅಷ್ಟೇ ಅಲ್ಲ, 2023ರಲ್ಲಿ ಈ ನಷ್ಟ 7,465 ಕೋಟಿ ಇತ್ತು. ಒಂದೇ ವರ್ಷದಲ್ಲಿ ಮೂರು ಪಟ್ಟಾಯಿತು. ಯುಪಿಐ ವಹಿವಾಟಿನ ಮೌಲ್ಯ ಹಿಂದಿನ ಹಣಕಾಸು ವರ್ಷಕ್ಕಿಂತ ಹೆಚ್ಚಿದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ. ಬಳಕೆ ಹೆಚ್ಚಾದ್ದರಿಂದ ವಂಚನೆಯೂ ಹೆಚ್ಚಿತು ಎಂಬ ವಿವರಣೆ ಇಲ್ಲಿ ಸಾಲುವುದಿಲ್ಲ.

ಈ ಹಣ ಹೋಗುವ ಬಗೆಯಾದರೂ ಎಂಥದ್ದು? 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂದ ಬೆಂಗಳೂರಿನ ಪ್ರಕರಣವೊಂದರಲ್ಲಿ ಸಾಫ್ಟ್‌ವೇರ್ ಕ್ಷೇತ್ರದ ಮಹಿಳೆಯೊಬ್ಬರು ‘ಡಿಜಿಟಲ್ ಅರೆಸ್ಟ್’ ಹೆಸರಿನ ಬೆದರಿಕೆಗೆ ಸಿಕ್ಕಿ 187 ವರ್ಗಾವಣೆಗಳಲ್ಲಿ 31.83 ಕೋಟಿ ರೂಪಾಯಿ ಕಳೆದುಕೊಂಡರು. ಅದು ಒಂದು ರಾತ್ರಿಯಲ್ಲಿ ಆದದ್ದಲ್ಲ, ತಿಂಗಳುಗಟ್ಟಲೆ ನಡೆದದ್ದು. ಬ್ಯಾಂಕಿನ ಕಂಪ್ಯೂಟರಿನ ಕಣ್ಣಿಗೆ ಆ 187 ವರ್ಗಾವಣೆಗಳೂ ಖಾತೆಯ ಒಡತಿಯೇ ಮಾಡಿದಂಥವು. ಬೀಗ ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತ್ತು. ಭಾರತದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ಪ್ರಧಾನಿ 2024ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಹೇಳಿದ್ದರು, 2025ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಓದು, ವಿದ್ಯೆ, ತಂತ್ರಜ್ಞಾನದ ಅರಿವು ಯಾವುದೂ ಇಲ್ಲಿ ಕವಚವಾಗುವುದಿಲ್ಲ. ಇವತ್ತು ರಾತ್ರಿ ಕರೆಂಟ್ ಕಟ್ ಮಾಡುತ್ತೇವೆ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಕೆವೈಸಿ ಈಗಲೇ ಮಾಡದಿದ್ದರೆ ಖಾತೆ ಬಂದ್ ಎನ್ನುವ ಕರೆಗಳ ಕಥೆ ಬೇರೆ ಬೇರೆಯಾದರೂ ಒಳಗಿನ ಅವಸರ ಒಂದೇ. ಯಾರಿಗೂ ಹೇಳಬೇಡಿ ಎಂಬ ಕಟ್ಟಪ್ಪಣೆ ಅದರ ಜೊತೆಗೇ ಬರುತ್ತದೆ, ಏಕೆಂದರೆ ಪಕ್ಕದ ಮನೆಯವರ ಹತ್ತಿರ ಎರಡು ನಿಮಿಷ ಮಾತಾಡಿದರೆ ಈ ಕಥೆ ಬಿದ್ದುಹೋಗುತ್ತದೆ. ವಂಚಕ ನಿಜವಾಗಿ ಕದಿಯುವುದು ಆ ಎರಡು ನಿಮಿಷವನ್ನು.

ಹಿಂದೆ ಆ ಎರಡು ನಿಮಿಷ ಯಾರೂ ಕೇಳದೆಯೇ ಸಿಗುತ್ತಿತ್ತು. ಬ್ಯಾಂಕು ಸಂಜೆ ಮುಚ್ಚುತ್ತಿತ್ತು, ಭಾನುವಾರ ತೆರೆಯುತ್ತಿರಲಿಲ್ಲ, ಚೆಕ್ಕು ಕ್ಲಿಯರ್ ಆಗಲು ದಿನಗಳು ಬೇಕಿದ್ದವು. ದೊಡ್ಡ ಮೊತ್ತ ತೆಗೆಯಲು ಹೋದರೆ ಕ್ಯಾಷಿಯರ್ ಏನು ವಿಷಯ ಎಂದು ಕೇಳುತ್ತಿದ್ದ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲೂ ರಾತ್ರಿ ನಡೆಯುತ್ತಿವೆ. 2025ರ ಅಕ್ಟೋಬರ್‌ನಿಂದ ಚೆಕ್ಕುಗಳೂ ಗಂಟೆಗಳಲ್ಲಿ ಇತ್ಯರ್ಥವಾಗುವ ದಾರಿ ಹಿಡಿದಿವೆ. ಅನುಕೂಲ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹಳೆಯ ತಡಗಳಲ್ಲಿ ಕೆಲವು ಯಾರೂ ಯೋಜಿಸದ ಕಾವಲಾಗಿದ್ದವು. ಅವನ್ನು ಕಿತ್ತು ಹಾಕಿದಾಗ ಅವುಗಳ ಜಾಗದಲ್ಲಿ ಏನನ್ನೂ ನೆಡಲಿಲ್ಲ.

ಕಾನೂನು ಈ ಬದಲಾವಣೆಯನ್ನು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಗ್ರಾಹಕರ ಪಾಲಿಗೆ ಒಳ್ಳೆಯ ದಾಖಲೆ. ಬ್ಯಾಂಕಿನ ತಪ್ಪಿನಿಂದ ಹಣ ಹೋದರೆ ಗ್ರಾಹಕನ ಹೊಣೆ ಸೊನ್ನೆ. ಬ್ಯಾಂಕಿನದೂ ಗ್ರಾಹಕನದೂ ತಪ್ಪಿಲ್ಲದೆ ಮೂರನೆಯವರಿಂದ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಆಗಲೂ ಸೊನ್ನೆ. ನಾಲ್ಕರಿಂದ ಏಳು ದಿನಗಳಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಮೂಲಭೂತ ಉಳಿತಾಯ ಖಾತೆಯವರದು 5,000. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ಮರಳಿ ಜಮಾ ತೋರಿಸಬೇಕು. ಗ್ರಾಹಕನದೇ ತಪ್ಪು ಎಂದಾದರೆ ಅದನ್ನು ಸಾಬೀತು ಮಾಡಬೇಕಾದದ್ದೂ ಬ್ಯಾಂಕೇ. ಕೌಂಟರಿನಲ್ಲಿ ಕುಳಿತವರು ಈ ಸಾಲನ್ನು ತಾವಾಗಿ ಹೇಳುವುದು ಅಪರೂಪ. ಆದರೆ ಇಡೀ ಸುತ್ತೋಲೆ ನಿಂತಿರುವುದು ‘ಅನಧಿಕೃತ’ ವಹಿವಾಟಿನ ಮೇಲೆ. ಪಿನ್, ಒಟಿಪಿ ತಾನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕನ ತಲೆಗೆ. ಹೆದರಿಸಿ ಕೊಡಿಸಿಕೊಂಡದ್ದಕ್ಕೂ ಮನಸಾರೆ ಕೊಟ್ಟದ್ದಕ್ಕೂ ಈ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, 24 ಗಂಟೆಯೊಳಗೆ ದೂರು ಕೊಟ್ಟಿದ್ದ ಅಸ್ಸಾಮಿನ ಗ್ರಾಹಕನೊಬ್ಬನಿಗೆ ಸುಮಾರು 94,000 ರೂಪಾಯಿ ತುಂಬಿಕೊಡಬೇಕೆಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಒಳ್ಳೆಯ ತೀರ್ಪು. ಆದರೆ ಅಷ್ಟು ಹಣಕ್ಕಾಗಿ ಅಷ್ಟು ದೂರ ಹೋಗಬಲ್ಲವರು ಎಷ್ಟು ಮಂದಿ?

ಬ್ರಿಟನ್ ಬೇರೆ ದಾರಿ ಹಿಡಿದಿದೆ. 2024ರ ಅಕ್ಟೋಬರ್ 7ರಿಂದ ಅಲ್ಲಿ ವಂಚಕನ ಮಾತು ನಂಬಿ ತಾನೇ ಹಣ ಕಳಿಸಿದವನಿಗೂ 85,000 ಪೌಂಡ್‌ವರೆಗೆ ಮರಳಿ ಕೊಡುವುದು ಕಡ್ಡಾಯ. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ ಹೊರಬೇಕು. ಹೀಗೆ ಮಾಡಿದರೆ ಜನ ಮೈಮರೆಯುತ್ತಾರೆ, ಸುಳ್ಳು ದೂರುಗಳೂ ಹೆಚ್ಚುತ್ತವೆ ಎಂಬ ಆಕ್ಷೇಪ ಅಲ್ಲೂ ಇತ್ತು, ಇಲ್ಲೂ ಬರುತ್ತದೆ. ತಳ್ಳಿಹಾಕುವಂಥ ಮಾತಲ್ಲ ಅದು. ಅದಕ್ಕೇ ಘೋರ ನಿರ್ಲಕ್ಷ್ಯ ತೋರಿದವರನ್ನು ಅಲ್ಲಿ ಹೊರಗಿಟ್ಟಿದ್ದಾರೆ, ಒಂದು ಸಣ್ಣ ಮೊತ್ತವನ್ನು ಗ್ರಾಹಕನೇ ಭರಿಸಲಿ ಎನ್ನಲೂ ಅವಕಾಶವಿದೆ. ಆದರೆ ಈ ಆಕ್ಷೇಪ ಎತ್ತುವವರು ಅದೇ ತರ್ಕವನ್ನು ಬ್ಯಾಂಕಿಗೆ ಅನ್ವಯಿಸಿ ನೋಡುವುದಿಲ್ಲ. ನಷ್ಟವೆಲ್ಲ ಗ್ರಾಹಕನದೇ ಆದರೆ ಮೈಮರೆಯುವುದು ಬ್ಯಾಂಕು. ಕದ್ದ ಹಣ ಗಾಳಿಯಲ್ಲಿ ಕರಗುವುದಿಲ್ಲ, ಅದು ಇನ್ನೊಂದು ಬ್ಯಾಂಕಿನ, ಕೆವೈಸಿ ಆದ ಖಾತೆಗೇ ಮೊದಲು ಹೋಗುತ್ತದೆ. ಕಮಿಷನ್ ಆಸೆಗೆ ವಿದ್ಯಾರ್ಥಿಗಳೂ ಕೂಲಿಕಾರರೂ ಬಾಡಿಗೆಗೆ ಕೊಟ್ಟ ‘ಮ್ಯೂಲ್’ ಖಾತೆಗಳವು. ನಿನ್ನೆವರೆಗೆ ಐನೂರು, ಸಾವಿರ ಓಡಾಡುತ್ತಿದ್ದ ಖಾತೆಗೆ ಇವತ್ತು ಹತ್ತಾರು ಕಡೆಯಿಂದ ಲಕ್ಷಗಳು ಬಂದು ಅರ್ಧ ಗಂಟೆಯಲ್ಲಿ ಖಾಲಿಯಾದರೆ ಅದನ್ನು ಹಿಡಿಯಬಲ್ಲದ್ದು ಬ್ಯಾಂಕಿನ ಯಂತ್ರ ಮಾತ್ರ. ಅದಕ್ಕೆಂದೇ ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ‘ಮ್ಯೂಲ್ ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ರೂಪಿಸಿದೆ. ಸಾಧನ ಇದ್ದೂ ಖಾತೆ ತಪ್ಪಿಸಿಕೊಂಡರೆ, ಅದನ್ನು ತೆರೆದುಕೊಟ್ಟ ಬ್ಯಾಂಕು ನಷ್ಟದಲ್ಲಿ ಪಾಲು ಹೊರಬೇಕು ಎನ್ನುವುದು ಅನ್ಯಾಯದ ಮಾತೇ?

ಹಣಕಾಸಿನ ವೇಗಕ್ಕೆ ಕಡಿವಾಣ ಹಾಕಿದರೆ ಆಸ್ಪತ್ರೆಗೆ ತುರ್ತಾಗಿ ಕಟ್ಟಬೇಕಾದವನ ಗತಿಯೇನು ಎಂಬುದು ಇನ್ನೊಂದು ಪ್ರಶ್ನೆ. ಯುಪಿಐಯಲ್ಲಿ ಒಂದು ತಿಂಗಳ ವಹಿವಾಟುಗಳ ಸಂಖ್ಯೆ 2025ರ ಆಗಸ್ಟ್‌ನಲ್ಲಿ 2,000 ಕೋಟಿ ದಾಟಿತು. ಸಂಖ್ಯೆಯಲ್ಲಿ ಅವುಗಳಲ್ಲಿ ಹೆಚ್ಚಿನವು ಅಂಗಡಿ ವ್ಯಾಪಾರದವು: ಹಾಲು, ತರಕಾರಿ, ಪೆಟ್ರೋಲು. ಅವನ್ನು ತಡೆಯಬೇಕೆಂದು ಯಾರೂ ಕೇಳುತ್ತಿಲ್ಲ. ಹಿಂದೆಂದೂ ಹಣ ಕಳಿಸದ ಖಾತೆಗೆ, ಈ ಗ್ರಾಹಕನ ರೂಢಿಗೆ ಮೀರಿದ ಮೊತ್ತ ಹೋಗುವಾಗ ಮಾತ್ರ ಕೆಲವು ಗಂಟೆ ನಿಲ್ಲಿಸಿದರೆ ಸಾಕು. 2023ರ ಕೊನೆಯಲ್ಲಿ, ಹೊಸಬರಿಗೆ 2,000 ರೂಪಾಯಿ ಮೀರಿ ಕಳಿಸಿದರೆ ನಾಲ್ಕು ಗಂಟೆ ತಡ ಎಂಬ ಪ್ರಸ್ತಾವ ಪತ್ರಿಕೆಗಳಲ್ಲಿ ಸುಳಿದು ಅಡಗಿತು. ಮಿತಿಯನ್ನು ಅಷ್ಟು ಕೆಳಗೆ ಇಟ್ಟರೆ ವ್ಯಾಪಾರಿಗಳು ಬೇಡವೆನ್ನುವುದು ಸಹಜ. 50,000ಕ್ಕೆ ಇಟ್ಟಿದ್ದರೆ ಚರ್ಚೆಯ ದಿಕ್ಕೇ ಬೇರೆಯಾಗುತ್ತಿತ್ತು. ಬ್ರಿಟನ್ನಿನಲ್ಲಿ ಸಕಾರಣ ಅನುಮಾನವಿದ್ದರೆ ಪಾವತಿಯನ್ನು ಇನ್ನೂ 72 ಗಂಟೆ ತಡೆಯಲು ಬ್ಯಾಂಕಿಗೆ 2024ರಿಂದ ಅಧಿಕಾರವಿದೆ. ಸಿಂಗಪುರದ ದೊಡ್ಡ ಬ್ಯಾಂಕುಗಳು 2023ರ ಕೊನೆಯಿಂದ ‘ಮನಿ ಲಾಕ್’ ಸೌಲಭ್ಯ ಕೊಡುತ್ತಿವೆ: ಖಾತೆಯ ಇಷ್ಟು ಹಣ ಆನ್‌ಲೈನ್‌ನಲ್ಲಿ ಕದಲಬಾರದು ಎಂದು ಗ್ರಾಹಕನೇ ಬೀಗ ಹಾಕಿಡಬಹುದು.

ಇಲ್ಲಿ ಅಂಥ ಸೌಲಭ್ಯ ಕಡ್ಡಾಯವಾಗುವವರೆಗೆ ಆ ತಡವನ್ನು ನಾವೇ ಕಟ್ಟಿಕೊಳ್ಳಬೇಕು. ಖಾತೆ ಕಾಪಾಡುವ ಸಲಹೆಗಳ ಪಟ್ಟಿ ಉದ್ದವಿದೆ, ಅವುಗಳಲ್ಲಿ ಅತಿ ಹೆಚ್ಚು ಫಲ ಕೊಡುವುದು ಖಾತೆಯನ್ನೇ ಎರಡು ಮಾಡುವುದು ಎಂದು ನನಗನ್ನಿಸುತ್ತದೆ. ಯುಪಿಐಗೂ ಡೆಬಿಟ್ ಕಾರ್ಡಿಗೂ ಜೋಡಿಸಿದ ಖಾತೆಯಲ್ಲಿ ತಿಂಗಳ ಖರ್ಚಿನಷ್ಟೇ ಇರಲಿ. ಉಳಿತಾಯದ ಹಣ ಇನ್ನೊಂದು ಖಾತೆಯಲ್ಲಿ, ಯುಪಿಐ ಇಲ್ಲದೆ, ಇಂಟರ್ನೆಟ್ ಬ್ಯಾಂಕಿಂಗಿನ ದಿನದ ಮಿತಿಯನ್ನು ಕನಿಷ್ಠಕ್ಕೆ ಇಳಿಸಿ ಇರಲಿ. ನಿಶ್ಚಿತ ಠೇವಣಿಯನ್ನು ಆ್ಯಪ್‌ನಲ್ಲಿಯೇ ಮುರಿಯಬಹುದಾದರೆ ಅದು ವಂಚಕನಿಗೂ ತೆರೆದ ಡಬ್ಬಿ. ಶಾಖೆಗೆ ಬಂದರೆ ಮಾತ್ರ ಮುರಿಯುವಂತೆ ಮಾಡಿಸಲು ಸಾಧ್ಯವೇ ಎಂದು ಬ್ಯಾಂಕಿನಲ್ಲಿ ಕೇಳಬೇಕು. ವಯಸ್ಸಾದ ತಂದೆತಾಯಿಯ ದೊಡ್ಡ ಠೇವಣಿಗಳನ್ನು ಇಬ್ಬರ ಸಹಿ ಬೇಕಾಗುವ ಜಂಟಿ ಖಾತೆಯಲ್ಲಿ ಇಟ್ಟರೆ, ಹಣ ಕದಲಬೇಕಾದಾಗ ಕನಿಷ್ಠ ಇನ್ನೊಬ್ಬರ ಕಿವಿಗೆ ವಿಷಯ ಬೀಳುತ್ತದೆ. ವಂಚಕ ಕಿತ್ತುಕೊಳ್ಳುವ ಎರಡು ನಿಮಿಷ ಹೀಗೆ ಮರಳಿ ಸಿಗುತ್ತದೆ. ಕಾರ್ಡಿನ ವಿದೇಶಿ ಬಳಕೆಯನ್ನು ಪ್ರಯಾಣದ ಹೊತ್ತಿಗಷ್ಟೇ ತೆರೆಯಬೇಕು, ಏಕೆಂದರೆ ಹೊರಗಿನ ಅನೇಕ ತಾಣಗಳು ಒಟಿಪಿ ಕೇಳುವುದಿಲ್ಲ.

ಫೋನಿನ ವಿಷಯದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ, ಪಾಲಿಸಬೇಕಾದ್ದು ಹೆಚ್ಚು. ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಎಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ಗೆ ಬರುವ ‘ಎಪಿಕೆ’ ಕಡತವನ್ನು ತೆರೆದು ಇನ್‌ಸ್ಟಾಲ್ ಮಾಡಿದರೆ ಅದು ಒಳಗೆ ಕುಳಿತು ಬಂದ ಒಟಿಪಿಗಳನ್ನು ಓದಿ ಸಾಗಿಸುತ್ತದೆ. ಒಟಿಪಿ ಯಾರಿಗೂ ಹೇಳಿಲ್ಲ ಎನ್ನುವವರ ಹಣ ಹೋಗುವ ದಾರಿಗಳಲ್ಲಿ ಇದೂ ಒಂದು. ಹಣ ಪಡೆಯಲು ಪಿನ್ ಬೇಕಿಲ್ಲ, ಕಳಿಸಲು ಮಾತ್ರ ಬೇಕು. ಎಲ್ಲರ ಫೋನಿಗೂ ಸಿಗ್ನಲ್ ಇದ್ದು ನಿಮ್ಮದಕ್ಕೆ ಮಾತ್ರ ಗಂಟೆಗಟ್ಟಲೆ ಇಲ್ಲವಾದರೆ ನಿಮ್ಮ ಸಂಖ್ಯೆಯ ಇನ್ನೊಂದು ಸಿಮ್ ಯಾರೋ ತೆಗೆದಿರಬಹುದು ಎಂದು ಶಂಕಿಸಿ ಬ್ಯಾಂಕಿಗೆ ತಿಳಿಸಬೇಕು. ಬ್ಯಾಂಕಿನಿಂದ ಎಂದು ಬಂದ ಕರೆ 1600ರಿಂದ ಶುರುವಾಗುವ ಸಂಖ್ಯೆಯದಲ್ಲದಿದ್ದರೆ ಇಟ್ಟುಬಿಟ್ಟು, ಕಾರ್ಡಿನ ಹಿಂಬದಿಯ ಸಂಖ್ಯೆಗೆ ನೀವೇ ಕರೆ ಮಾಡಿದರೆ ಕೆಡುವುದೇನಿಲ್ಲ.

ಜನಜಾಗೃತಿ ಒಂದಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಒಂದು ಮಾತು. ಜಾಗೃತಿಯ ಹೆಸರಿನಲ್ಲಿ ಬರುವ ಎಸ್‌ಎಂಎಸ್‌ಗಳ ಬಹುಪಾಲು ಇಂಗ್ಲಿಷಿನಲ್ಲಿವೆ. ಖಾತೆಯಿಂದ ಹಣ ಕಡಿತವಾದ ಸೂಚನೆ, ಒಟಿಪಿ ಯಾವುದಕ್ಕಾಗಿ ಬಂದಿದೆ ಎಂಬ ವಿವರ, ನೀವಲ್ಲದಿದ್ದರೆ ಈ ಸಂಖ್ಯೆಗೆ ಕರೆ ಮಾಡಿ ಎಂಬ ಸಾಲು ಕನ್ನಡ ಮಾತ್ರ ಓದಬಲ್ಲ ರೈತನಿಗೋ ಗೃಹಿಣಿಗೋ ಅಂಕಿಗಳ ನಡುವಿನ ಗೀಚು. ವಂಚಕನೋ ಅಚ್ಚುಕಟ್ಟಾದ ಕನ್ನಡದಲ್ಲೇ ಮಾತಾಡುತ್ತಾನೆ. ಎಚ್ಚರಿಕೆ ಕೊಟ್ಟಿದ್ದೆವು, ಆದರೂ ಒಟಿಪಿ ಹೇಳಿದ ಎಂದು ಬ್ಯಾಂಕು ನಿರ್ಲಕ್ಷ್ಯದ ವಾದ ಹೂಡುವ ಮುನ್ನ, ಆ ಎಚ್ಚರಿಕೆ ಗ್ರಾಹಕನಿಗೆ ಓದಲು ಬರುವ ಭಾಷೆಯಲ್ಲಿತ್ತೇ ಎಂದು ತೋರಿಸಬೇಕಾದದ್ದು ನ್ಯಾಯ. ರಾಜ್ಯದ ಬ್ಯಾಂಕರುಗಳ ಸಮಿತಿ ಇದನ್ನು ಗಟ್ಟಿಯಾಗಿ ಹಿಡಿದರೆ ಹತ್ತು ಜಾಗೃತಿ ಸಪ್ತಾಹಗಳಿಗಿಂತ ಹೆಚ್ಚಿನ ಕೆಲಸವಾಗುತ್ತದೆ.

ಹಣ ಹೋಗೇಬಿಟ್ಟರೆ ಓಟದ ಲೆಕ್ಕ ಮತ್ತೆ ಶುರು. ಮೊದಲ ಕರೆ 1930ಕ್ಕೆ. ಆ ಸಹಾಯವಾಣಿಯಲ್ಲಿ ದೂರು ದಾಖಲಾದೊಡನೆ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗಿ, ಅಲ್ಲಿನ್ನೂ ಉಳಿದಿರುವ ಮೊತ್ತಕ್ಕೆ ತಡೆ ಬೀಳುತ್ತದೆ. ವ್ಯವಸ್ಥೆ ಶುರುವಾದ 2021ರಿಂದ 2025ರ ಮಧ್ಯದವರೆಗೆ ಹೀಗೆ ಉಳಿಸಿದ ಹಣ 5,489 ಕೋಟಿ ರೂಪಾಯಿ. 2024ರ ಒಂದು ವರ್ಷದ ನಷ್ಟದ ಕಾಲು ಭಾಗಕ್ಕೆ ಹತ್ತಿರ. ಕಡಿಮೆಯೇ, ಆದರೆ ಅದು ಬೇಗ ಕರೆ ಮಾಡಿದವರ ಹಣ. ಎರಡನೆಯ ಕರೆ ನಿಮ್ಮ ಬ್ಯಾಂಕಿಗೆ, ದೂರಿನ ಸಂಖ್ಯೆ ಪಡೆದು. ಮೂರು ಕೆಲಸದ ದಿನಗಳ ಗಡಿಯನ್ನು ನೆನಪಿಟ್ಟು, ಬಾಯಿಮಾತಿಗೆ ನಿಲ್ಲದೆ ಬರಹದಲ್ಲೂ ಕೊಡಬೇಕು. ಅದರಲ್ಲಿ 2017ರ ಸುತ್ತೋಲೆಯ ದಿನಾಂಕವನ್ನು ನಮೂದಿಸಿ, ಹಣ ಹೋದ ಖಾತೆ ಯಾವ ಬ್ಯಾಂಕಿನದು ಎಂಬ ವಿವರವನ್ನೂ ಸೇರಿಸಬೇಕು. ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಯ ದೂರಿನ ಪ್ರತಿ ಜೊತೆಗಿರಲಿ, ತಡೆಹಿಡಿದ ಹಣ ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಾದಾಗ ಅದು ಬೇಕಾಗುತ್ತದೆ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.